ತಪ್ಪಾದ ಕಾರ್ಡ್‌ಗೆ ಬೆಲೆ ಬರುವುದು ತಿದ್ದಿದ ಮೇಲೆ

1957ರಲ್ಲಿ ಅಮೆರಿಕದ ಟಾಪ್ಸ್ ಕಂಪನಿ ಹೊರತಂದ ಬೇಸ್‌ಬಾಲ್ ಕಾರ್ಡ್‌ಗಳ, ಅಂದರೆ ಆಟಗಾರರ ಚಿತ್ರವಿರುವ, ಜನ ಸಂಗ್ರಹಿಸಿಡುವ ಚೀಟಿಗಳ ಪೈಕಿ ಇಪ್ಪತ್ತನೆಯ ಸಂಖ್ಯೆಯದರಲ್ಲಿ ಹ್ಯಾಂಕ್ ಆರನ್ ಎಡಗೈ ಆಟಗಾರನಂತೆ ಬ್ಯಾಟ್ ಹಿಡಿದು ನಿಂತಿದ್ದಾರೆ. ಅವರು ಬಲಗೈ ಆಟಗಾರರು. ಅಂಗಿಯ ಮೇಲಿನ 44 ಎಂಬ ಅಂಕಿಯನ್ನು ಸರಿಯಾಗಿ ನೋಡಿದರೆ ಅದೂ ಕನ್ನಡಿಯಲ್ಲಿ ಕಂಡಂತೆ ತಿರುಗಿದೆ. ಆರನ್ ಆಗ ಯಾರಿಗೂ ಗೊತ್ತಿಲ್ಲದ ಹೊಸಬರೇನೂ ಆಗಿರಲಿಲ್ಲ. ಅದೇ ವರ್ಷ ಅವರ ತಂಡವಾದ ಮಿಲ್ವಾಕಿ ಬ್ರೇವ್ಸ್ ವರ್ಷದ ಚಾಂಪಿಯನ್ ಪಟ್ಟದ ವರ್ಲ್ಡ್ ಸೀರೀಸ್ ಗೆದ್ದಿತು, ಅವರು ಅಲ್ಲಿನ ಎರಡು ಮುಖ್ಯ ಲೀಗ್‌ಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನ ಅತ್ಯಮೂಲ್ಯ ಆಟಗಾರ ಎಂಬ ಗೌರವ ಪಡೆದರು. ಅಂಥವರ ಚಿತ್ರವೇ ಉಲ್ಟಾ ಅಚ್ಚಾಗಿ ಅಂಗಡಿಗೆ ಹೋಯಿತು, ಮತ್ತು ಕಂಪನಿ ಅದನ್ನು ಕೊನೆಯವರೆಗೂ ತಿದ್ದಲಿಲ್ಲ.

ಹಾಸನದ ಒಂದು ಸಣ್ಣ ಆಫ್‌ಸೆಟ್ ಪ್ರೆಸ್ಸಿನಲ್ಲಿ ಬಹಳ ವರ್ಷ ಫಿಲ್ಮ್ ಮತ್ತು ಪ್ಲೇಟಿನ ಕೆಲಸ ಮಾಡಿದ ನನಗೆ ಈ ತಪ್ಪು ಹೇಗಾಯಿತೆಂದು ಊಹಿಸುವುದು ಕಷ್ಟವಲ್ಲ. ಫಿಲ್ಮ್ ಪಾರದರ್ಶಕವಾದ್ದರಿಂದ ಚಿತ್ರ ಎರಡೂ ಬದಿಯಿಂದ ಚೆನ್ನಾಗಿಯೇ ಕಾಣುತ್ತದೆ. ರಾಸಾಯನಿಕ ಲೇಪನ ಯಾವ ಬದಿಗಿದೆ ಎಂಬುದನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು; ನೋಡದೆ ಮಗುಚಿ ಹಾಕಿದರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ, ಅಷ್ಟಾದರೂ ಚಿತ್ರ ಎಲ್ಲೂ ಕೆಟ್ಟಂತೆ ತೋರುವುದಿಲ್ಲ. ಲಗ್ನಪತ್ರಿಕೆಯ ಮೇಲಿನ ಗಣಪತಿಯ ಫಿಲ್ಮ್ ಹೀಗೆ ಮಗುಚಿಬಿದ್ದರೆ ಎಡಮುರಿ ಗಣಪತಿ ಬಲಮುರಿಯಾಗಿಬಿಡುತ್ತಾನೆ. ಕರಡು ನೋಡಲು ಬಂದ ಹೆಣ್ಣಿನ ತಂದೆಗೆ ಅದು ಕಾಣದಿದ್ದರೂ ಜೊತೆಯಲ್ಲಿ ಬಂದ ಅಜ್ಜಿಗೆ ಕಾಣುತ್ತದೆ. ಟಾಪ್ಸ್ ಕಂಪನಿಯಲ್ಲಿ ಅಂಥ ಅಜ್ಜಿ ಯಾರೂ ಇರಲಿಲ್ಲವೆಂದು ತೋರುತ್ತದೆ.

ಬೇಸ್‌ಬಾಲ್ ಆಟದ ಗಂಧವೇ ಇಲ್ಲದ ನಾನು ಈ ಕಾರ್ಡ್‌ಗಳ ಬೆನ್ನು ಹತ್ತಿದ್ದು ನನ್ನ ಅಕ್ಕನ ಮಗನಿಂದ. ಇಲ್ಲಿಯೇ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ನ್ಯೂಜೆರ್ಸಿಗೆ ಹೋದ ಅವನು, ಅಲ್ಲಿನ ಹಳೆಯ ಸಾಮಾನಿನ ಅಂಗಡಿಗಳಲ್ಲಿ 1980ರ ದಶಕದ ಕಾರ್ಡ್‌ಗಳನ್ನು ಡಬ್ಬಿಗಟ್ಟಲೆ ಕೊಳ್ಳುತ್ತಾನೆ. ಆ ದಶಕದ ಕೊನೆಯಲ್ಲಿ ಕಂಪನಿಗಳು ಲೆಕ್ಕವಿಲ್ಲದಷ್ಟು ಕಾರ್ಡ್‌ಗಳನ್ನು ಅಚ್ಚುಹಾಕಿದ್ದರಿಂದ ಅವಕ್ಕೆ ಇಂದು ಕಾಗದದ ಬೆಲೆಗಿಂತ ಹೆಚ್ಚೇನೂ ಇಲ್ಲ. ಡಬ್ಬಿಯಲ್ಲಿ ತಪ್ಪಿರುವ ಕಾರ್ಡ್ ಸಿಕ್ಕಾಗಲೆಲ್ಲ ಅವನು ಫೋಟೊ ಕಳಿಸಿ, "ಮಾವ, ಇದು ತಪ್ಪು ಕಾರ್ಡ್, ಇದಕ್ಕೆ ಒಳ್ಳೆ ಬೆಲೆ ಇರ್ಬೇಕಲ್ವಾ?" ಎಂದು ಕೇಳುತ್ತಾನೆ. ಹೆಚ್ಚಿನ ಸಲ ಇರುವುದಿಲ್ಲ. ಏಕೆ ಇರುವುದಿಲ್ಲ ಎಂಬುದಕ್ಕೆ ಉತ್ತರ ಆಟದಲ್ಲಿಲ್ಲ, ಮುದ್ರಣದಲ್ಲಿದೆ.

ತಪ್ಪು ಎಲ್ಲ ಪ್ರತಿಗಳಲ್ಲೂ ಇದ್ದರೆ ಅದು ಆ ಕಾರ್ಡ್‌ನ ಸಹಜ ರೂಪವೇ ಆಗಿಹೋಗುತ್ತದೆ. ಆರನ್ ಅವರ 1957ರ ಕಾರ್ಡ್ ದುಬಾರಿಯೇ, ಆದರೆ ಅದು ಆರನ್ ಅವರ ಹೆಸರಿಗೆ ಸಲ್ಲುವ ಬೆಲೆ. ಉಲ್ಟಾ ಚಿತ್ರಕ್ಕೆಂದು ಯಾರೂ ಹೆಚ್ಚು ಕೊಡಬೇಕಾಗಿಲ್ಲ, ಏಕೆಂದರೆ ನೇರ ಚಿತ್ರವಿರುವ ಪ್ರತಿ ಇಲ್ಲವೇ ಇಲ್ಲ. 1989ರಲ್ಲಿ ಅಪ್ಪರ್ ಡೆಕ್ ಕಂಪನಿ ಡೇಲ್ ಮರ್ಫಿ ಅವರ ಕಾರ್ಡ್‌ನಲ್ಲಿ ಇದೇ ಬಗೆಯ ತಪ್ಪು ಮಾಡಿತು. ಆದರೆ ಅವರು ಅದನ್ನು ಗಮನಿಸಿ, ಮುದ್ರಣ ನಡೆಯುತ್ತಿರುವಾಗಲೇ ಫಿಲ್ಮನ್ನು ಸರಿಪಡಿಸಿದರು. ಹಾಗಾಗಿ ಉಲ್ಟಾ ಮರ್ಫಿ ಕಡಿಮೆ ಸಂಖ್ಯೆಯಲ್ಲಿ ಉಳಿದರು, ಸಂಗ್ರಾಹಕರು ಅವರನ್ನೇ ಹುಡುಕತೊಡಗಿದರು. ಒಂದೇ ತಪ್ಪು, ಎರಡು ವಿಧಿ. ಕಂಪನಿಯ ಕರಡು ತಿದ್ದುವವನು ತಡವಾಗಿ ಎಚ್ಚೆತ್ತರೆ ಸಂಗ್ರಾಹಕನಿಗೆ ಲಾಭ, ಬೇಗ ಎಚ್ಚೆತ್ತರೂ ಲಾಭ, ಎಚ್ಚರವಾಗದೇ ಇದ್ದರೆ ಮಾತ್ರ ಏನೂ ಇಲ್ಲ.

ಇದಕ್ಕೆ ಇನ್ನೊಂದು ಮಾತು ಸೇರಿಸಬೇಕು. ಕಾರ್ಡ್‌ಗಳನ್ನು ಒಂದೊಂದಾಗಿ ಅಚ್ಚುಹಾಕುವುದಿಲ್ಲ. ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದದ ಕಾರ್ಡ್‌ಗಳನ್ನು ದೊಡ್ಡ ಹಾಳೆಯಲ್ಲಿ ಸಾಲಾಗಿ ಜೋಡಿಸುತ್ತಾರೆ. ಟಾಪ್ಸ್‌ನ ಹಾಳೆಯಲ್ಲಿ 132 ಕಾರ್ಡ್‌ಗಳಿರುತ್ತಿದ್ದವು. ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟ್, ಆಮೇಲೆ ಕಟಿಂಗ್. ತಪ್ಪು ಬರಹದಲ್ಲೋ ಫಿಲ್ಮಿನಲ್ಲೋ ಆದರೆ ಪ್ರತಿಯೊಂದು ಹಾಳೆಯಲ್ಲೂ ಅದು ಮರುಕಳಿಸುತ್ತದೆ. ಮುದ್ರಣ ನಡೆಯುವಾಗ ಒಂದು ಚೂರು ಕಾಗದ ಸಿಕ್ಕಿಕೊಂಡರೆ ಅದು ಬಿದ್ದುಹೋಗುವವರೆಗಿನ ಹಾಳೆಗಳಷ್ಟೇ ಕೆಡುತ್ತವೆ. ಕಟಿಂಗ್ ಮೆಷಿನ್ನಿನಲ್ಲಿ ಕಟ್ಟು ಸರಿದರೆ ಅಷ್ಟು ಕಾರ್ಡ್‌ಗಳ ಅಂಚು ಓರೆಯಾಗುತ್ತದೆ. ಈ ಕೊನೆಯ ಬಗೆಯದಕ್ಕೆ ಸಂಗ್ರಾಹಕರು ಬೆಲೆ ಕೊಡುವುದಿರಲಿ, ಅಂಚು ಓರೆಯಾಗಿದ್ದರೆ ದರ್ಜೆಯನ್ನೇ ಇಳಿಸುತ್ತಾರೆ. ಓರೆಯಾಗಿ ಕತ್ತರಿಸಿದ ಕಾರ್ಡ್ ಎಲ್ಲರ ಡಬ್ಬಿಯಲ್ಲೂ ಒಂದಿಲ್ಲೊಂದು ರೀತಿಯಲ್ಲಿ ಇರುತ್ತದೆ, ಎರಡು ಒಂದೇ ತೆರ ಇರುವುದಿಲ್ಲ, ಆದ್ದರಿಂದ ಪಟ್ಟಿಗೆ ಸೇರುವುದಿಲ್ಲ.

ಮುದ್ರಣದ ನಡುವೆ ಆದ ತಪ್ಪುಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು 1990ರ ಟಾಪ್ಸ್ ಸಂಚಿಕೆಯ ಫ್ರಾಂಕ್ ಥಾಮಸ್ ಕಾರ್ಡ್. ಮುಂಬದಿಯಲ್ಲಿ ಅವರ ಹೆಸರೇ ಇಲ್ಲ. ಥಾಮಸ್ ಅವರನ್ನು ಶಿಕಾಗೊ ವೈಟ್ ಸಾಕ್ಸ್ ಆಗಷ್ಟೇ ಆರಿಸಿಕೊಂಡಿತ್ತು. ಮುಂದೆ 2014ರಲ್ಲಿ ಅವರು ಬೇಸ್‌ಬಾಲ್‌ನ ಶ್ರೇಷ್ಠರ ಸಾಲಾದ ಹಾಲ್ ಆಫ್ ಫೇಮ್ ಸೇರಿದರು. ಹೀಗಾಗಿ ಹೆಸರಿಲ್ಲದ ಪ್ರತಿ ಒಳ್ಳೆಯ ಸ್ಥಿತಿಯಲ್ಲಿದ್ದರೆ ಸಾವಿರಾರು ಡಾಲರ್ ಬಾಳುತ್ತದೆ, ಹೆಸರಿರುವ ಪ್ರತಿ ಅದರ ಹತ್ತಿರಕ್ಕೂ ಸುಳಿಯುವುದಿಲ್ಲ. ಅದರ ಫೋಟೊವನ್ನು ನಮ್ಮ ಪ್ರೆಸ್ಸಿನ ಹಿರಿಯ ಮೆಷಿನ್‌ಮ್ಯಾನ್‌ಗೆ ತೋರಿಸಿದಾಗ ಅವರು ಆಟಗಾರ ಯಾರೆಂದೂ ಕೇಳದೆ, "ಕಪ್ಪು ಪ್ಲೇಟಿಗೆ ಏನೋ ಅಡ್ಡ ಬಂದೈತೆ ಸಾರ್, ಪಕ್ಕದ ಕಾರ್ಡ್ ನೋಡಿ, ಅಲ್ಲೂ ಹೋಗಿರುತ್ತೆ" ಎಂದರು. ಅವರ ಮಾತು ನಿಜ. ಅದೇ ಹಾಳೆಯ ಅಕ್ಕಪಕ್ಕದ ಕೆಲವು ಕಾರ್ಡ್‌ಗಳಲ್ಲಿಯೂ ಕಪ್ಪು ಗೆರೆಗಳು ಅಲ್ಲಲ್ಲಿ ಕಾಣೆಯಾಗಿವೆ. 1982ರ ಟಾಪ್ಸ್ ಕಾರ್ಡ್‌ಗಳ ಒಂದು ಭಾಗದಲ್ಲಂತೂ ಕಪ್ಪು ಬಣ್ಣವೇ ಬೀಳದೆ, ಮುಂಬದಿಯ ಹಸ್ತಾಕ್ಷರಗಳು ಮಾಯವಾಗಿವೆ.

ಬರಹದ ತಪ್ಪುಗಳ ಸುಗ್ಗಿ ನೋಡಬೇಕೆಂದರೆ 1981ಕ್ಕೆ ಹೋಗಬೇಕು. ಅಲ್ಲಿಯವರೆಗೆ ಈ ವ್ಯಾಪಾರದಲ್ಲಿ ಟಾಪ್ಸ್‌ನದೇ ಏಕಸ್ವಾಮ್ಯವಿತ್ತು. 1980ರಲ್ಲಿ ನ್ಯಾಯಾಲಯ ಅದಕ್ಕೆ ವಿರುದ್ಧವಾಗಿ ತೀರ್ಪು ಕೊಟ್ಟದ್ದರಿಂದ ಫ್ಲೀರ್ ಮತ್ತು ಡಾನ್‌ರಸ್ ಕಂಪನಿಗಳು ಮುಂದಿನ ವರ್ಷವೇ ತಮ್ಮ ಕಾರ್ಡ್‌ಗಳನ್ನು ತರಾತುರಿಯಲ್ಲಿ ಹೊರತಂದವು. ಅವಸರದ ಕೆಲಸಕ್ಕೆ ಮುದ್ರಾರಾಕ್ಷಸ ಕಾದೇ ಇರುತ್ತಾನೆ. ಫ್ಲೀರ್ ಕಂಪನಿ ಗ್ರೇಗ್ ನೆಟಲ್ಸ್ ಅವರನ್ನು ಕ್ರೇಗ್ ನೆಟಲ್ಸ್ ಮಾಡಿತು, ಮತ್ತೆ ಮತ್ತೆ ಮುದ್ರಿಸುವಾಗ ಒಂದೊಂದನ್ನೇ ತಿದ್ದುತ್ತ ಹೋಯಿತು. ಮರುವರ್ಷ ಅದೇ ಕಂಪನಿಯ ಆಲ್ ಹ್ರಬಾಸ್ಕಿ ಕಾರ್ಡ್‌ನಲ್ಲಿ ಇನ್ನೂ ಚೆಂದದ ಪ್ರಸಂಗವಿದೆ. ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚಾಗಿತ್ತು, ಎತ್ತರದಲ್ಲಿ ಒಂದು ಸೊನ್ನೆ ಕಳೆದುಹೋಗಿ ಐದು ಅಡಿ ಹತ್ತು ಇಂಚಿನ ಆಳು ಐದು ಅಡಿ ಒಂದು ಇಂಚಿಗೆ ಕುಗ್ಗಿದ್ದರು. ಮೊದಲ ಸಲ ತಿದ್ದಿದವರು ಹೆಸರನ್ನಷ್ಟೇ ಸರಿಮಾಡಿ ಎತ್ತರವನ್ನು ಹಾಗೇ ಬಿಟ್ಟರು. ಎರಡನೆಯ ಸಲ ಎತ್ತರವೂ ಸರಿಯಾಯಿತು. ಹೀಗೆ ಒಬ್ಬ ಆಟಗಾರನ ಒಂದೇ ವರ್ಷದ ಒಂದೇ ಕಾರ್ಡ್ ಮೂರು ರೂಪದಲ್ಲಿ ಉಳಿದಿದೆ. ಕರಡು ತಿದ್ದಿದ ಅನುಭವವಿರುವವರಿಗೆಲ್ಲ ಇದು ಗೊತ್ತಿರುವ ಸಂಕಟವೇ: ಕಣ್ಣು ಮೊದಲು ಕಂಡ ತಪ್ಪಿನ ಮೇಲೆ ಕುಳಿತುಬಿಡುತ್ತದೆ, ಕೆಳಗಿನ ಸಾಲಿನದನ್ನು ನೋಡುವುದಿಲ್ಲ.

ತಿದ್ದುಪಡಿಯೇ ಸರಕಾದ ಉದಾಹರಣೆ 1989ರ ಫ್ಲೀರ್‌ನ ಬಿಲ್ಲಿ ರಿಪ್ಕೆನ್ ಕಾರ್ಡ್. ಬ್ಯಾಟಿನ ಹಿಡಿಕೆಯ ಬುಡದಲ್ಲಿ ಬರೆದಿದ್ದ, ಇಲ್ಲಿ ಬರೆಯಲಾಗದ ಒಂದು ಬೈಗುಳ ಚಿತ್ರದಲ್ಲಿ ಸ್ಪಷ್ಟವಾಗಿ ಬಂದುಬಿಟ್ಟಿತು. ಅಭ್ಯಾಸದ ಬ್ಯಾಟನ್ನು ಗುರುತಿಸಲು ತಾನೇ ಅದನ್ನು ಬರೆದುಕೊಂಡಿದ್ದಾಗಿ ರಿಪ್ಕೆನ್ ಬಹಳ ವರ್ಷಗಳ ನಂತರ ಹೇಳಿದರು. ಗಾಬರಿಯಾದ ಕಂಪನಿ ಒಮ್ಮೆ ಗೀಚಿ ಮುಚ್ಚಿತು, ಒಮ್ಮೆ ಬಿಳಿ ಬಳಿಯಿತು, ಕೊನೆಗೆ ಕಪ್ಪು ಚೌಕ ಇಟ್ಟಿತು. ಬಿಳಿ ಬಳಿದದ್ದು ಬಹಳ ಕಡಿಮೆ ಸಿಗುವುದರಿಂದ ಅದರ ಬೆಲೆ ಮೂಲ ಬೈಗುಳವಿರುವ ಕಾರ್ಡ್‌ಗಿಂತ ಎಷ್ಟೋ ಮೇಲೆ ಹೋಗಿದೆ. ಕಪ್ಪು ಚೌಕದ್ದನ್ನು ಕೇಳುವವರಿಲ್ಲ. ತಪ್ಪಿನ ಗಾತ್ರಕ್ಕೂ ಬೆಲೆಗೂ ಸಂಬಂಧವಿಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇಲ್ಲಿಯವರೆಗಿನದೆಲ್ಲ ಪ್ರೆಸ್ಸಿನ ಮಾತಾಯಿತು. ನನಗೆ ಹೆಚ್ಚು ಆಸಕ್ತಿಯಿರುವುದು ಅರಿವಿನ ತಪ್ಪುಗಳಲ್ಲಿ, ಅಂದರೆ ಯಂತ್ರ ಸರಿಯಾಗಿಯೇ ಕೆಲಸ ಮಾಡಿ ಮನುಷ್ಯ ಎಡವಿದ ಕಡೆಗಳಲ್ಲಿ. 1909ರಿಂದ 1911ರವರೆಗೆ ಸಿಗರೇಟಿನ ಪೊಟ್ಟಣಗಳೊಂದಿಗೆ ಬರುತ್ತಿದ್ದ, ಇಂದು ಟಿ-206 ಎಂದು ಕರೆಯುವ ಮಾಲಿಕೆಯಲ್ಲಿ ಫಿಲಡೆಲ್ಫಿಯಾದ ಷೆರಿ ಮೆಗೀ ಅವರ ಹೆಸರಿನ ಕಾಗುಣಿತ ತಪ್ಪಿತು, ಬೇಗನೆ ಸರಿಯೂ ಆಯಿತು. ಅದೇ ಮಾಲಿಕೆಯಲ್ಲಿ ನ್ಯೂಯಾರ್ಕಿನ ಜೋ ಡಾಯ್ಲ್ ಅವರನ್ನು ನ್ಯಾಷನಲ್ ಲೀಗ್‌ಗೆ ಸೇರಿಸಿದರು. ಅವರು ಆಡುತ್ತಿದ್ದದ್ದು ಅಮೆರಿಕನ್ ಲೀಗ್‌ನಲ್ಲಿ. ನ್ಯಾಷನಲ್ ಲೀಗ್‌ನ ನ್ಯೂಯಾರ್ಕ್ ತಂಡದಲ್ಲಿ ಲ್ಯಾರಿ ಡಾಯ್ಲ್ ಎಂಬ ಬೇರೊಬ್ಬರಿದ್ದರು. ಒಂದೇ ಊರು, ಒಂದೇ ಕುಲನಾಮ, ಎರಡು ತಂಡ: ಯಾರಾದರೂ ಎಡವುವ ಜಾಗವೇ. 1952ರ ಟಾಪ್ಸ್‌ನಲ್ಲಿ ಜೋ ಪೇಜ್ ಮತ್ತು ಜಾನಿ ಸೇನ್ ಅವರ ಹಿಂಬದಿಯ ಪರಿಚಯಗಳು ಅದಲುಬದಲಾದವು. ಅವೆರಡೂ 48 ಮತ್ತು 49ನೆಯ ಕಾರ್ಡ್‌ಗಳು ಎಂಬುದನ್ನು ನೋಡಿದರೆ ಕಾರಣವನ್ನು ಬೇರೆ ಹುಡುಕಬೇಕಾಗಿಲ್ಲ.

ಫೋಟೊ ತಪ್ಪುಗಳು ಇವಕ್ಕಿಂತ ಸೋಜಿಗದವು. 1969ರ ಆರೆಲಿಯೊ ರೊಡ್ರಿಗೆಜ್ ಕಾರ್ಡ್‌ನಲ್ಲಿರುವುದು ಆಟಗಾರನಲ್ಲ, ತಂಡದ ಬ್ಯಾಟ್‌ಗಳನ್ನು ಎತ್ತಿಕೊಡುತ್ತಿದ್ದ ಹುಡುಗ. 1985ರ ಗ್ಯಾರಿ ಪೆಟಿಸ್ ಕಾರ್ಡ್‌ನಲ್ಲಿರುವುದು ಅವರ ತಮ್ಮ. 1959ರ ಲ್ಯೂ ಬರ್ಡೆಟ್ ಕಾರ್ಡನ್ನು ನೋಡಿದವರು ಇದೂ ಆರನ್ ಅವರದರಂತೆ ಮಗುಚಿದ ಫಿಲ್ಮ್ ಎಂದುಕೊಳ್ಳಬಹುದು, ಏಕೆಂದರೆ ಬಲಗೈ ಬೌಲರ್ ಎಡಗೈಯಲ್ಲಿ ಚೆಂಡೆಸೆಯುವಂತೆ ನಿಂತಿದ್ದಾರೆ. ಆದರೆ ಇಲ್ಲಿ ಫಿಲ್ಮ್ ನಿರ್ದೋಷಿ. ಬರ್ಡೆಟ್ ತಮಾಷೆಗಾಗಿ ಎಡಗೈಯವರ ಗ್ಲೌಸ್ ತೊಟ್ಟು ಫೋಟೊಗ್ರಾಫರನನ್ನು ಏಮಾರಿಸಿದ್ದರು. ಕಂಪನಿ ತನ್ನ ಪಾಲಿಗೆ ಅವರ ಹೆಸರಿನ ಕಾಗುಣಿತವನ್ನೂ ತಪ್ಪಿಸಿತು.

ಇವುಗಳ ನಡುವೆ ನಗಲಾಗದ್ದು ಒಂದಿದೆ. 1966ರ ಟಾಪ್ಸ್‌ನ ಡಿಕ್ ಎಲ್ಸ್‌ವರ್ತ್ ಕಾರ್ಡ್‌ನಲ್ಲಿ ಅಚ್ಚಾಗಿರುವುದು ಶಿಕಾಗೊ ಕಬ್ಸ್ ತಂಡದ ಅವರ ಜೊತೆಗಾರ ಕೆನ್ ಹಬ್ಸ್ ಅವರ ಮುಖ. ಹಬ್ಸ್ 1962ರಲ್ಲಿ ವರ್ಷದ ಹೊಸ ಆಟಗಾರ ಎನಿಸಿಕೊಂಡವರು. 1964ರ ಫೆಬ್ರುವರಿಯಲ್ಲಿ ತಮ್ಮ ಸಣ್ಣ ವಿಮಾನವನ್ನು ತಾವೇ ಹಾರಿಸುತ್ತಿದ್ದಾಗ ಅಪಘಾತದಲ್ಲಿ ತೀರಿಕೊಂಡಿದ್ದರು. ಸತ್ತು ಎರಡು ವರ್ಷವಾದವರ ಚಿತ್ರ ಇನ್ನೊಬ್ಬರ ಹೆಸರಿನಲ್ಲಿ ಮಕ್ಕಳ ಕೈಗೆ ಚ್ಯೂಯಿಂಗ್ ಗಮ್ ಜೊತೆ ಹೋಯಿತು. ಇದನ್ನು ತಿದ್ದಲಿಲ್ಲವಾದ್ದರಿಂದ ಪೇಟೆಯ ಲೆಕ್ಕದಲ್ಲಿ ಈ ತಪ್ಪಿಗೆ ಯಾವ ವಿಶೇಷವೂ ಇಲ್ಲ. ಪೇಟೆಯ ಲೆಕ್ಕ ನನಗೆ ಒಪ್ಪಿಗೆಯಾಗದಿರುವುದು ಇಂಥಲ್ಲಿ. ಒಂದು ಚುಕ್ಕೆ ಹೆಚ್ಚೋ ಕಡಿಮೆಯೋ ಆದ ಕಾರ್ಡ್‌ಗಳನ್ನು ಬೇರೆ ಬೇರೆ ಆವೃತ್ತಿಗಳೆಂದು ಪಟ್ಟಿಮಾಡುವ ಜನ ಇದನ್ನು ಅಡಿಟಿಪ್ಪಣಿಯಲ್ಲಿ ಮುಗಿಸಿಬಿಡುತ್ತಾರೆ.

ಅಡಿಟಿಪ್ಪಣಿಯನ್ನೂ ಕಾಣದ ತಪ್ಪುಗಳಿವೆ. ಪೋರ್ಟೊರಿಕೊದಿಂದ ಬಂದ ರೊಬೆರ್ಟೊ ಕ್ಲೆಮೆಂಟೆ ಅವರ ಹೆಸರನ್ನು ಟಾಪ್ಸ್ 1950ರ ದಶಕದ ಕೊನೆಯಿಂದ 1969ರವರೆಗೆ 'ಬಾಬ್ ಕ್ಲೆಮೆಂಟೆ' ಎಂದೇ ಅಚ್ಚುಹಾಕಿತು, 1970ರಲ್ಲಿ ಸರಿಪಡಿಸಿತು. ಅಕ್ಷರದೋಷವಿಲ್ಲದೆ ಅಷ್ಟು ವರ್ಷ ನಡೆದದ್ದರಿಂದ ಯಾರೂ ಅದನ್ನು ತಪ್ಪಿನ ಕಾರ್ಡ್ ಎನ್ನುವುದಿಲ್ಲ. ನಮ್ಮ ಅರಸೀಕೆರೆ ತಾಲ್ಲೂಕಿನ ಜಾವಗಲ್ ಎಂಬ ಊರನ್ನು ಶ್ರೀನಾಥ್ ಅವರ ಹುಟ್ಟುಹೆಸರೆಂದು ತಿಳಿದುಕೊಂಡ ಪರದೇಶದ ವೀಕ್ಷಕ ವಿವರಣೆಗಾರರನ್ನು ಕೇಳಿ ಬೆಳೆದ ಹಾಸನದವರಿಗೆ ಈ ಬಗೆಯ ತಪ್ಪನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬರೆದಾಗ ಸರಿಯಾಗಿದ್ದು ಆಮೇಲೆ ತಪ್ಪಾದದ್ದೂ ಉಂಟು. ಸ್ಯಾನ್ ಡಿಯಾಗೊ ಪ್ಯಾಡ್ರೆಸ್ ತಂಡ ವಾಷಿಂಗ್ಟನ್‌ಗೆ ಹೋಗುವುದು ಖಚಿತವೆಂಬ ಸುದ್ದಿಯನ್ನು ನಂಬಿ ಟಾಪ್ಸ್ 1974ರ ಕೆಲವು ಕಾರ್ಡ್‌ಗಳಲ್ಲಿ ವಾಷಿಂಗ್ಟನ್ ಎಂದೇ ಮುದ್ರಿಸಿತು. ಅಷ್ಟರಲ್ಲಿ ಮೆಕ್‌ಡೊನಾಲ್ಡ್ಸ್‌ನ ರೇ ಕ್ರಾಕ್ ತಂಡವನ್ನು ಕೊಂಡು ಸ್ಯಾನ್ ಡಿಯಾಗೊದಲ್ಲೇ ಉಳಿಸಿಕೊಂಡರು. ಇಲ್ಲದ ತಂಡದ ಕಾರ್ಡ್‌ಗಳು ಹಾಗೆ ಹುಟ್ಟಿಕೊಂಡವು.

ಇತ್ತೀಚಿನ 'ತಪ್ಪು'ಗಳ ಬಗ್ಗೆ ನನಗೆ ಅಷ್ಟಾಗಿ ಗೌರವವಿಲ್ಲ. 2007ರ ಡೆರೆಕ್ ಜೀಟರ್ ಕಾರ್ಡ್‌ನ ಹಿನ್ನೆಲೆಯಲ್ಲಿ, ಎಂದೋ ತೀರಿಕೊಂಡಿದ್ದ ಹಳೆಯ ಆಟಗಾರ ಮಿಕ್ಕಿ ಮ್ಯಾಂಟಲ್ ಕಾಣಿಸಿಕೊಂಡರು, ಪ್ರೇಕ್ಷಕರ ನಡುವೆ ಅಂದಿನ ಅಧ್ಯಕ್ಷ ಜಾರ್ಜ್ ಬುಷ್ ಕೈಬೀಸುತ್ತಿದ್ದರು. ಕಂಪನಿಯೊಳಗಿನವರೇ ಕಂಪ್ಯೂಟರಿನಲ್ಲಿ ಸೇರಿಸಿದ್ದು ಅದು. ಸುದ್ದಿಯಾಯಿತು, ಮಾರಾಟಕ್ಕೂ ನೆರವಾಯಿತು. ಬೇಕೆಂದೇ ಮಾಡಿದ್ದನ್ನು ನಾನು ಈ ಸಾಲಿಗೆ ಸೇರಿಸಲಾರೆ.

ಅಕ್ಕನ ಮಗನಿಗೆ ಈಗ ಹೆಸರಿಲ್ಲದ ಥಾಮಸ್ ಕಾರ್ಡ್ ಬೇಕೆಂಬ ಹಂಬಲ ಹತ್ತಿದೆ. ಮಾಮೂಲಿ ಕಾರ್ಡ್‌ನಿಂದ ಹೆಸರನ್ನು ಅಳಿಸಿ ಮಾರುವವರಿದ್ದಾರೆಂದು ಅವನಿಗೆ ಎಚ್ಚರಿಸಿದ್ದೇನೆ. ಕಪ್ಪು ಬಣ್ಣ ಬೀಳದ ಕಡೆ ಕೆಳಗಿನ ಬಣ್ಣದ ಚುಕ್ಕೆಗಳು ಅಲುಗಾಡದೆ ಇರಬೇಕು, ಮೇಲ್ಮೈಯ ಹೊಳಪು ಸುತ್ತಲಿನಂತೆಯೇ ಇರಬೇಕು. ಕೆರೆದಿದ್ದರೆ ಕಾಗದದ ನಾರು ಎದ್ದಿರುತ್ತದೆ, ಚುಕ್ಕೆಗಳು ಮಾಸಿರುತ್ತವೆ, ದೀಪಕ್ಕೆ ಓರೆಯಾಗಿ ಹಿಡಿದರೆ ಅಷ್ಟು ಜಾಗ ಮಂಕಾಗಿ ಕಾಣುತ್ತದೆ. ನಾವು ಪ್ರೆಸ್ಸಿನಲ್ಲಿ ರಿಜಿಸ್ಟರ್, ಅಂದರೆ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂತಿವೆಯೇ ಎಂದು ನೋಡಲು ಬಳಸುವಂಥ ಭೂತಗನ್ನಡಿಯೊಂದನ್ನು ಕೊಂಡುಕೊಂಡು, ಮೊದಲು ಕೆಲವು ಅಗ್ಗದ ಕಾರ್ಡ್‌ಗಳ ಮೇಲೆ ಕಣ್ಣು ಪಳಗಿಸಿಕೊಳ್ಳಲು ಹೇಳಿದ್ದೇನೆ. ಅದಾಗುವವರೆಗೆ 1966ರ ಎಲ್ಸ್‌ವರ್ತ್ ಕಾರ್ಡ್ ಎಲ್ಲಾದರೂ ಸಿಕ್ಕರೆ ನನಗಾಗಿ ಒಂದು ಎತ್ತಿಡಲೂ ತಿಳಿಸಿದ್ದೇನೆ.