ಪೆಟ್ ಸ್ಕ್ಯಾನ್‌ನಲ್ಲಿ ಮಾತ್ರೆ ಕಾಣುತ್ತದೆಯೇ?

ಸ್ಕಿಜೋಫ್ರೇನಿಯಾಕ್ಕೆ ಕೊಡುವ ಔಷಧ ಮೆದುಳಿನ ಡೋಪಮೈನ್ ಗ್ರಾಹಕಗಳಿಗೆ (ಡೋಪಮೈನ್ ಎಂಬ ಸಂದೇಶವಾಹಕ ರಾಸಾಯನಿಕ ಬಂದು ಕೂರುವ ಜಾಗಗಳಿಗೆ) ಅಂಟಿರುವುದು, ದೇಹದೊಳಗಿನ ವಿಕಿರಣವನ್ನು ಚಿತ್ರವಾಗಿಸುವ ಪೆಟ್ ಸ್ಕ್ಯಾನ್‌ನಲ್ಲಿ ಕಾಣುತ್ತದಂತೆ, ಹೌದೇ ಎಂದು ಕೇಳುವವರು ಬಹಳ. ಔಷಧ ಕಾಣುವುದಿಲ್ಲ. ಕಾಣುವುದು ಔಷಧ ಹಿಡಿಯದೆ ಉಳಿಸಿದ ಜಾಗ.

ಅಂಥ ಒಂದು ಔಷಧವಾದ ಹ್ಯಾಲೊಪೆರಿಡಾಲ್ ನುಂಗಿದರೆ ಅದಕ್ಕೆ ವಿಕಿರಣವಿಲ್ಲ, ಹಾಗಾಗಿ ಸ್ಕ್ಯಾನರ್‌ಗೆ ಅದು ಗೊತ್ತೇ ಆಗದು. ಅದರ ಬದಲು ಡಿ2 ಎಂಬ ಬಗೆಯ ಡೋಪಮೈನ್ ಗ್ರಾಹಕವನ್ನೇ ಹುಡುಕಿ ಹೋಗುವ ರಾಕ್ಲೊಪ್ರೈಡ್ ಎಂಬ ವಸ್ತುವಿಗೆ ವಿಕಿರಣ ಸೂಸುವ ಕಾರ್ಬನ್-11 ಸೇರಿಸಿ ರಕ್ತನಾಳಕ್ಕೆ ಚುಚ್ಚುತ್ತಾರೆ. ಔಷಧ ಕೂತ ಕಡೆ ಇದಕ್ಕೆ ಎಡೆಯಿಲ್ಲ, ಖಾಲಿ ಇದ್ದಲ್ಲಿ ಕೂರುತ್ತದೆ. ಡಿ2 ದಟ್ಟವಾಗಿರುವ ಮೆದುಳಿನ ಒಳಭಾಗ ಸ್ಟ್ರಯೇಟಮ್ ಚಿತ್ರದಲ್ಲಿ ಮಂಕಾದಷ್ಟೂ ಔಷಧ ಹೆಚ್ಚು ಅಂಟಿದೆ ಎಂದರ್ಥ. ಕಾರ್ಬನ್-11ರ ಅರ್ಧಾಯುಷ್ಯ ಸುಮಾರು 20 ನಿಮಿಷ. ಅದನ್ನು ತಯಾರಿಸುವ ಯಂತ್ರ ಸೈಕ್ಲೋಟ್ರಾನ್ ಪಕ್ಕದಲ್ಲೇ ಇರದಿದ್ದರೆ ಈ ಕೆಲಸ ಸಾಗದು.

ಹೊಳಪನ್ನು ಮಾತ್ರ ನೋಡಿದರೆ ಮೋಸ ಹೋಗುತ್ತೇವೆ, ಏಕೆಂದರೆ ಎಲ್ಲಿಯೂ ಅಂಟದೆ ಸುತ್ತುವ ರಾಕ್ಲೊಪ್ರೈಡ್ ಕೂಡ ಹೊಳೆಯುತ್ತದೆ. ಕಿರುಮೆದುಳಿನಲ್ಲಿ ಡಿ2 ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿಯ ಹೊಳಪನ್ನು ಹಿನ್ನೆಲೆ ಎಂದಿಟ್ಟುಕೊಂಡು ಸ್ಟ್ರಯೇಟಮ್‌ನ ಬಂಧನ ಸಾಮರ್ಥ್ಯ, ಅಂದರೆ ರಾಕ್ಲೊಪ್ರೈಡ್ ಅಂಟಲು ಎಷ್ಟು ಗ್ರಾಹಕ ಖಾಲಿ ಇದೆ ಎಂಬುದರ ಅಳತೆ, ಲೆಕ್ಕ ಹಾಕುತ್ತಾರೆ. ಔಷಧವಿಲ್ಲದಾಗ ಅದು 3.0, ಔಷಧದ ಮೇಲೆ 0.9 ಬಂದರೆ, ಇಳಿದ 2.1ನ್ನು 3.0ರಿಂದ ಭಾಗಿಸಿ: ಶೇ 70 ಗ್ರಾಹಕಗಳು ಭರ್ತಿ.

ತಪ್ಪು ನುಸುಳುವುದು ಹೆಚ್ಚಾಗಿ ಆ 3.0ರಲ್ಲೇ. ಆಗಲೇ ಔಷಧದಲ್ಲಿರುವ ರೋಗಿಗೆ ಔಷಧಪೂರ್ವ ಸ್ಕ್ಯಾನ್ ಇರುವುದಿಲ್ಲ. ಆಗ ಆರೋಗ್ಯವಂತರ ಸರಾಸರಿ ಬಳಸಬೇಕು. ವಯಸ್ಸಾದಂತೆ ಡಿ2 ತಾನಾಗಿಯೇ ಇಳಿಯುವುದರಿಂದ ಅವರ ವಯಸ್ಸು ರೋಗಿಯ ವಯಸ್ಸಿಗೆ ಹೊಂದದಿದ್ದರೆ ಆ ಇಳಿಕೆಯೂ ಔಷಧದ ಖಾತೆಗೆ ಬೀಳುತ್ತದೆ. ಸ್ಕ್ಯಾನ್ ನಡುವೆ ತಲೆ ಅಲುಗಿದರೆ ಸ್ಟ್ರಯೇಟಮ್‌ನ ಸಂಕೇತ ಅಕ್ಕಪಕ್ಕಕ್ಕೆ ಚೆಲ್ಲಿ ಅದೇ ಫಲ. ಚುಚ್ಚಿದ ದ್ರವದಲ್ಲಿ ವಿಕಿರಣವಿಲ್ಲದ ರಾಕ್ಲೊಪ್ರೈಡ್ ಹೆಚ್ಚಿದ್ದರೆ ಅದು ತಾನೇ ಗ್ರಾಹಕಗಳನ್ನು ತುಂಬಿಬಿಡುತ್ತದೆ. ಇನ್ನು ಮೆದುಳಿನ ಹೊರಪದರ ಕಾರ್ಟೆಕ್ಸ್‌ನ ವಿರಳ ಗ್ರಾಹಕಗಳಿಗೆ ರಾಕ್ಲೊಪ್ರೈಡ್ ಸಾಲದು. ಫ್ಲೋರಿನ್-18 ಸೇರಿಸಿದ ಫ್ಯಾಲಿಪ್ರೈಡ್‌ನಂಥದು ಬೇಕು.

ಈ ಅಂಕಿಗಳಿಂದ ಏನು ತಿಳಿಯಿತು? ಹ್ಯಾಲೊಪೆರಿಡಾಲ್ ಮೇಲೆ ಟೊರಾಂಟೊದಲ್ಲಿ ಶಿತಿಜ್ ಕಪೂರ್ ತಂಡ ನಡೆಸಿದ, 2000ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 65 ದಾಟಿದವರಲ್ಲಿ ಗುಣ ಕಾಣುವ ಸಾಧ್ಯತೆ ಹೆಚ್ಚಿತು, ಶೇ 72 ದಾಟಿದಾಗ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನಿನ ಏರಿಕೆಯದು, ಶೇ 78 ದಾಟಿದಾಗ ಮೈ ಬಿಗಿಯುವ, ನಡುಗುವ ತೊಂದರೆಯದು. ಡೋಸ್ ಮತ್ತು ಭರ್ತಿಯ ಗೆರೆ ನೇರವಲ್ಲ, ಬಾಗುತ್ತದೆ. ಅರ್ಧ ಗ್ರಾಹಕ ತುಂಬಲು 1 ಮಿ.ಗ್ರಾಂ ಸಾಕು ಎಂದಿಟ್ಟುಕೊಳ್ಳಿ: 2ಕ್ಕೆ ಶೇ 67, 4ಕ್ಕೆ ಶೇ 80, 8ಕ್ಕೆ ಶೇ 89. ಇಮ್ಮಡಿಸಿದ ಡೋಸ್ ಕೊಡುವುದು ಚೂರು ಭರ್ತಿ, ಪೂರ್ತಿ ಅಡ್ಡಪರಿಣಾಮ.

ಎಲ್ಲ ಔಷಧಗಳೂ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಕ್ಲೋಜಪೀನ್ ಬಹಳ ಸಲ ಶೇ 65ಕ್ಕಿಂತ ಕೆಳಗೇ ಕೆಲಸ ಮಾಡುತ್ತದೆ. ಕ್ವೆಟಿಯಪೀನ್ ನುಂಗಿದ ಎರಡು ಮೂರು ಗಂಟೆಗೆ ಶೇ 60ರ ಆಸುಪಾಸು ಮುಟ್ಟಿ, 12 ಗಂಟೆಯೊಳಗೆ ಶೇ 20ರ ಹತ್ತಿರ ಇಳಿಯುತ್ತದೆ. ನುಂಗಿದ ಹೊತ್ತು ಬರೆದಿಡದ ಸ್ಕ್ಯಾನ್ ನಿಷ್ಪ್ರಯೋಜಕ. ಅರಿಪಿಪ್ರಜೋಲ್ ಶೇ 90 ದಾಟಿದರೂ ಮೈ ಬಿಗಿಯುವುದು ಅಪರೂಪ: ಅದು ಗ್ರಾಹಕವನ್ನು ಪೂರ್ತಿ ಮುಚ್ಚದೆ ತುಸು ಚಾಲೂ ಇಡುತ್ತದೆ. ಪೆಟ್‌ಗೆ ಮುಚ್ಚಿದ್ದೂ ಚಾಲೂ ಇಟ್ಟಿದ್ದೂ ಒಂದೇ ಥರ ಮಂಕಾಗಿ ಕಾಣುತ್ತದೆ.