ಲಿಂಕನ್ ಅಂದರೆ ಯಾವ ಲಿಂಕನ್?

ಮೊನ್ನೆ ಲಿಂಕನ್ ಊರಿನ ಹಳೇ ಕೆಥೆಡ್ರಲ್ಲಿನ ಚಿತ್ರ ಹುಡುಕುತ್ತಾ ಕೂತಿದ್ದೆ. ಇಂಗ್ಲೆಂಡಿನಲ್ಲಿರುವ ಲಿಂಕನ್. ಮೊದಲು ಬಂದವರು ಗಡ್ಡದ ಅಧ್ಯಕ್ಷರು. ಆಮೇಲೆ ಉದ್ದನೆಯ ಕಾರುಗಳು, ಆಮೇಲೆ ಅಮೆರಿಕದ ನೆಬ್ರಾಸ್ಕಾ ರಾಜ್ಯದ ರಾಜಧಾನಿ. ಕೊನೆಗೆ "ಲಿಂಕನ್ ಬೇಕು, ಅಬ್ರಹಾಂ ಬೇಡ, ಕಾರೂ ಬೇಡ" ಅಂತ ಹುಡುಕು ಪದಗಳಿಗೆ ಮೈನಸ್ ಗುರುತು ಹಾಕಿದೆ. ಚಿತ್ರವೇನೋ ಸಿಕ್ಕಿತು, ಆದರೆ ಅಷ್ಟರಲ್ಲಿ ಮನಸ್ಸು ಆ ಹೆಸರಿನ ಹಿಂದೆ ಹೋಗಿಬಿಟ್ಟಿತ್ತು. ಒಂದು ಹೆಸರು ಇಷ್ಟು ಜನರಿಗೆ, ಇಷ್ಟು ಊರುಗಳಿಗೆ ಹೇಗೆ ಹಂಚಿಹೋಯಿತು?

ಶುರುವಾಗುವುದು ನೀರಿನಿಂದ. ವಿತಮ್ ನದಿ ಅಗಲವಾಗಿ ಹರಡಿಕೊಂಡು ಒಂದು ಕೊಳ ಆಗುವ ಜಾಗ ಅದು. ಅಲ್ಲಿದ್ದ ಹಳೇ ಜನರ ಕೆಲ್ಟಿಕ್ ಭಾಷೆಯಲ್ಲಿ ಕೊಳಕ್ಕಿದ್ದ ಪದದಿಂದ ರೋಮನ್ನರು 'ಲಿಂಡಮ್' ಅಂತ ಮಾಡಿಕೊಂಡರು. ಮೊದಲ ಶತಮಾನದ ಕೊನೆಯಲ್ಲಿ ಕೆಲಸ ಮುಗಿಸಿದ ಸೈನಿಕರಿಗೆ ಅಲ್ಲಿ ನೆಲೆ ಮಾಡಿಕೊಟ್ಟಾಗ ಹೆಸರಿಗೆ 'ಕೊಲೋನಿಯಾ' ಅನ್ನುವುದೂ ಸೇರಿತು. ಲಿಂಡಮ್ ಕೊಲೋನಿಯಾ. ಅದು ಸವೆದು ಸವೆದು ಲಿಂಕನ್ ಆಯಿತು. ಇಂಗ್ಲಿಷಿನಲ್ಲಿ ಈ ಹೆಸರು ಬರೆಯುವಾಗ ನಡುವೆ ಇನ್ನೊಂದು 'ಲ' ಇದೆಯಲ್ವಾ, ಬರೆಯುತ್ತಾರೆ, ಹೇಳುವುದಿಲ್ಲ. ಆ ಮಾತಾಡದ 'ಲ' ಕೊಲೋನಿಯಾದಿಂದ ಉಳಿದುಕೊಂಡದ್ದು. ಜರ್ಮನಿಯ ಕೋಲ್ನ್ ನಗರದ ಹೆಸರು ಬಂದದ್ದೂ ಅದೇ ಪದದಿಂದ. ಕನ್ನಡದಲ್ಲಿ ನಾವು ಕಿವಿಗೆ ಕೇಳಿದಂತೆ ಬರೆಯುತ್ತೇವೆ, ಹಾಗಾಗಿ ನಮ್ಮ ಲಿಂಕನ್‌ನಲ್ಲಿ ರೋಮನ್ ಸೈನಿಕರ ಆ ಗುರುತು ಬಿಟ್ಟುಹೋಗಿದೆ.

ಆ ಕೆಥೆಡ್ರಲ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. 1311ರ ಹೊತ್ತಿಗೆ ಅದರ ನಡುಗೋಪುರದ ಮೇಲೆ ಎಂಥ ಎತ್ತರದ ಚೂಪು ಶಿಖರ ಎಬ್ಬಿಸಿದ್ದರು ಅಂದರೆ, ಈಜಿಪ್ಟಿನ ದೊಡ್ಡ ಪಿರಮಿಡ್ಡನ್ನೂ ಅದು ಮೀರಿಸಿತ್ತು ಅಂತ ಹೇಳುತ್ತಾರೆ. 1548ರಲ್ಲಿ ಆ ಶಿಖರ ಬಿದ್ದುಹೋಯಿತು, ಮತ್ತೆ ಕಟ್ಟಲಿಲ್ಲ. ಒಳಗೆ ಒಂದು ಕಂಬದ ಮೇಲ್ಗಡೆ ಕಾಲ ಮೇಲೆ ಕಾಲು ಹಾಕಿಕೊಂಡು ಒಂದು ಪುಟ್ಟ ಕಲ್ಲಿನ ಕುಟ್ಟಿ ಸೈತಾನ ಕೂತಿದೆ. ಅದನ್ನು ಅಲ್ಲಿಯವರು 'ಇಂಪ್' ಅನ್ನುತ್ತಾರೆ. ಚರ್ಚಿನೊಳಗೆ ಹಾವಳಿ ಮಾಡಿದ್ದಕ್ಕೆ ದೇವದೂತರು ಕಲ್ಲು ಮಾಡಿಬಿಟ್ಟರು ಅಂತ ಕಥೆ. ಊರಿನ ಫುಟ್‌ಬಾಲ್ ತಂಡ ಲಿಂಕನ್ ಸಿಟಿಗೂ ಅದೇ ಅಡ್ಡಹೆಸರು. ಎಷ್ಟೋ ದೂರದ ಜಿಬ್ರಾಲ್ಟರ್‌ನಲ್ಲಿ ಲಿಂಕನ್ ರೆಡ್ ಇಂಪ್ಸ್ ಅನ್ನುವ ತಂಡ ಇದೆ. 2016ರಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್ ಅಂಥ ದೊಡ್ಡ ತಂಡವನ್ನು 1-0 ಗೋಲಿನಿಂದ ಸೋಲಿಸಿತು.

ಸರಿ, ಅಧ್ಯಕ್ಷರ ವಿಷಯಕ್ಕೆ ಬರೋಣ. ಊರಿನ ಹೆಸರು ಮನೆತನದ ಹೆಸರಾಗುವುದು ಹೊಸತೇನಲ್ಲ. 1637ರಲ್ಲಿ ಸ್ಯಾಮ್ಯುಯೆಲ್ ಲಿಂಕನ್ ಅನ್ನುವ ನೇಯ್ಗೆ ಕೆಲಸದ ಹುಡುಗ ಹಡಗು ಹತ್ತಿ ಅಮೆರಿಕಕ್ಕೆ ಬಂದ. ಅವನು ಲಿಂಕನ್ ಊರಿನವನೇ ಅಲ್ಲ, ನಾರ್ಫಕ್ ಸೀಮೆಯ ಹಿಂಗಮ್‌ನವನು. ನೆಲೆಸಿದ್ದು ಮ್ಯಾಸಚೂಸೆಟ್ಸ್‌ನ ಹಿಂಗಮ್‌ನಲ್ಲಿ, ಅಂದರೆ ಆ ಹೆಸರೂ ಅಷ್ಟರಲ್ಲಿ ಸಮುದ್ರ ದಾಟಿ ಬಂದಿತ್ತು! ಅವನ ವಂಶದಲ್ಲಿ 1809ರಲ್ಲಿ ಹುಟ್ಟಿದವರು ಅಬ್ರಹಾಂ. ತಮ್ಮ ಹೆಸರಿನೊಳಗಿದ್ದ ಆ ಕೊಳವನ್ನು ಅವರು ಯಾವತ್ತೂ ನೋಡಲಿಲ್ಲ, ಇಂಗ್ಲೆಂಡಿಗೆ ಹೋದವರೇ ಅಲ್ಲ. ಆದರೆ ಇವತ್ತು ಆ ಹೆಸರು ಕೇಳಿದರೆ ನೂರಕ್ಕೆ ತೊಂಬತ್ತು ಜನರಿಗೆ ನೆನಪಾಗುವುದು ಅವರೇ ಇರಬೇಕು.

ಅಮೆರಿಕದ ಲಿಂಕನ್‌ಗಳೆಲ್ಲ ಅವರ ಹೆಸರಿನವೇ ಅಂದುಕೊಂಡರೆ ಮಾತ್ರ ತಪ್ಪು. ಮ್ಯಾಸಚೂಸೆಟ್ಸ್‌ನ ಲಿಂಕನ್ 1754ರದ್ದು, ಅವರು ಹುಟ್ಟುವುದಕ್ಕೆ ಎಷ್ಟೋ ಮೊದಲು. ನಾರ್ತ್ ಕ್ಯಾರೊಲಿನಾದ ಲಿಂಕನ್ ಕೌಂಟಿ ಬೆಂಜಮಿನ್ ಲಿಂಕನ್ ಅನ್ನುವ ಸೇನಾಧಿಕಾರಿಯ ನೆನಪಿಗೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1781ರಲ್ಲಿ, ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್ ಸೋತಾಗ ಶರಣಾಗತಿಯ ಕತ್ತಿಯನ್ನು ಪಡೆದವರು ಇದೇ ಬೆಂಜಮಿನ್. ನಮ್ಮ ಇತಿಹಾಸದ ಪಾಠದಲ್ಲಿ ಬರುವ ಕಾರ್ನ್‌ವಾಲಿಸ್ ಅವನೇ. ಇಲಿನಾಯ್‌ನಲ್ಲಿ ಇನ್ನೊಂದು ಲಿಂಕನ್ ಇದೆ. ಅದು ಅಬ್ರಹಾಂ ಹೆಸರಿನದೇ, ಆದರೆ ಇಟ್ಟದ್ದು 1853ರಲ್ಲಿ, ಅವರಿನ್ನೂ ವಕೀಲರಾಗಿದ್ದಾಗ. ಅವರೇ ಬಂದು ಕಲ್ಲಂಗಡಿ ಹಣ್ಣಿನ ರಸ ಸುರಿದು ಊರಿಗೆ ನಾಮಕರಣ ಮಾಡಿದರು ಅಂತ ಅಲ್ಲಿಯವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಈ ಕಥೆ ನನಗೆ ತುಂಬಾ ಇಷ್ಟ.

ನೆಬ್ರಾಸ್ಕಾದ ಕಥೆಯಲ್ಲಿ ರಾಜಕೀಯ ಜಾಸ್ತಿ. 1867ರಲ್ಲಿ ರಾಜಧಾನಿಯನ್ನು ಒಮಾಹಾದಿಂದ ಪ್ಲಾಟ್ ನದಿಯ ದಕ್ಷಿಣಕ್ಕೆ ಸಾಗಿಸಬೇಕು ಅಂತ ಮಾತು ಬಂತು. ಆ ದಕ್ಷಿಣದ ಜನಪ್ರತಿನಿಧಿಗಳಲ್ಲಿ ಕೆಲವರಿಗೆ ಅಂತರ್ಯುದ್ಧದಲ್ಲಿ ಸೋತ ಕಡೆಯ ಮೇಲೆ ಒಲವು ಇತ್ತು. ಹೊಸ ರಾಜಧಾನಿಗೆ ಲಿಂಕನ್ ಹೆಸರು ಸೂಚಿಸಿದರೆ ಅವರೇ ಸಿಟ್ಟಾಗಿ ಮಸೂದೆಯ ವಿರುದ್ಧ ಮತ ಹಾಕುತ್ತಾರೆ, ರಾಜಧಾನಿ ಇಲ್ಲೇ ಉಳಿಯುತ್ತದೆ ಅಂತ ಒಮಾಹಾ ಕಡೆಯವರ ಲೆಕ್ಕ. ಲೆಕ್ಕ ತಪ್ಪಿತು. ಲಿಂಕನ್ ಹೆಸರೂ ನಿಂತಿತು, ರಾಜಧಾನಿಯೂ ಕೈಬಿಟ್ಟು ಹೋಯಿತು. ಅದಕ್ಕೆ ಮುಂಚೆ ಆ ಹಳ್ಳಿಯ ಹೆಸರು ಲ್ಯಾಂಕಾಸ್ಟರ್, ಅದೂ ಇಂಗ್ಲೆಂಡಿನ ಊರೇ.

ಇಲ್ಲೊಂದು ಕಡೆ ನಾನು ಬೆರಗಾಗಿ ನಿಂತೆ. ಎರಡನೇ ಮಹಾಯುದ್ಧದ ಹೆಸರಾಂತ ಬ್ರಿಟಿಷ್ ಬಾಂಬರ್ ವಿಮಾನ ಲ್ಯಾಂಕಾಸ್ಟರ್. ಅದನ್ನೇ ಬೆಳೆಸಿ ಇನ್ನೂ ದೊಡ್ಡದು ಮಾಡಿದರು. 1944ರಲ್ಲಿ ಅದು ಮೊದಲ ಸಲ ಹಾರಿತು. ಅದಕ್ಕಿಟ್ಟ ಹೆಸರು ಲಿಂಕನ್. ಅಮೆರಿಕದಲ್ಲಿ ಊರು, ಬ್ರಿಟನ್ನಿನಲ್ಲಿ ವಿಮಾನ, ಎರಡೂ ಕಡೆ ಲ್ಯಾಂಕಾಸ್ಟರ್ ಹೋಗಿ ಲಿಂಕನ್ ಆಯಿತು. ಒಂದಕ್ಕೊಂದು ಏನೂ ಸಂಬಂಧ ಇಲ್ಲ, ನೋಡಿ.

ಕಾರಿನದು ಚಿಕ್ಕ ಕಥೆ. ಹೆನ್ರಿ ಲೀಲ್ಯಾಂಡ್ 1917ರಲ್ಲಿ ಕಂಪನಿ ಶುರು ಮಾಡಿದಾಗ, 1864ರಲ್ಲಿ ತಾನು ಮೊದಲ ಮತ ಹಾಕಿದ ಅಧ್ಯಕ್ಷರ ಹೆಸರನ್ನೇ ಇಟ್ಟ. 1922ರಲ್ಲಿ ಫೋರ್ಡ್ ಅದನ್ನು ಕೊಂಡುಕೊಂಡಿತು.

ಅಧ್ಯಕ್ಷರ ದಾರಿ ಹಿಡಿಯದೆ ನೇರವಾಗಿ ಹೊರಟ ಲಿಂಕನ್‌ಗಳೂ ಇವೆ. 1802ರಲ್ಲಿ ಮ್ಯಾಥ್ಯೂ ಫ್ಲಿಂಡರ್ಸ್ ಆಸ್ಟ್ರೇಲಿಯಾದ ದಕ್ಷಿಣ ಕರಾವಳಿಯ ನಕ್ಷೆ ಮಾಡುತ್ತಾ ಹೋದ. ಅವನು ಲಿಂಕನ್ ಊರಿರುವ ಸೀಮೆಯಾದ ಲಿಂಕನ್‌ಶೈರಿನವನು. ಒಳ್ಳೆಯ ಕೊಲ್ಲಿ ಕಂಡಾಗ ಪೋರ್ಟ್ ಲಿಂಕನ್ ಅಂದ, ಪಕ್ಕದ ದ್ವೀಪಕ್ಕೆ ಬಾಸ್ಟನ್ ಅಂದ. ಬಾಸ್ಟನ್ ಕೂಡ ಅವನ ಸೀಮೆಯ ಊರೇ. ಊರು ಬಿಟ್ಟು ಅಷ್ಟು ದೂರ ಬಂದ ಮನುಷ್ಯ ನಕ್ಷೆಯ ತುಂಬಾ ತನ್ನ ಕಡೆಯ ಹೆಸರುಗಳನ್ನು ಬರೆದುಕೊಳ್ಳುತ್ತಾ ಹೋದನಲ್ಲ, ಅದನ್ನು ನೆನೆದರೆ ಮನಸ್ಸಿಗೆ ಏನೋ ಆಗುತ್ತದೆ. ಆದರೆ ಆ ಕೊಲ್ಲಿಯ ಸುತ್ತ ಮೊದಲಿಂದ ಬದುಕಿದ್ದ ಬರ್ನ್‌ಗಾರ್ಲಾ ಜನರಿಗೆ ಅದಕ್ಕೆ ತಮ್ಮದೇ ಹೆಸರಿತ್ತು, ಗಲಿನ್ಯಾಲಾ. ಎರಡನ್ನೂ ಒಟ್ಟಿಗೆ ಹೇಳುವುದೇ ನನಗೆ ಸರಿ ಅನ್ನಿಸುತ್ತದೆ.

ಮತ್ತೆ ಹಳೇ ಊರಿಗೆ ಬರುತ್ತೇನೆ. 1915ರಲ್ಲಿ ಅಲ್ಲಿಯ ಒಂದು ಕೃಷಿಯಂತ್ರದ ಕಾರ್ಖಾನೆಯಲ್ಲಿ ಗುಟ್ಟಾಗಿ ಒಂದು ಯುದ್ಧಯಂತ್ರ ಕಟ್ಟಿದರು. ಶತ್ರುಗಳಿಗೆ ಸುಳಿವು ಸಿಗಬಾರದು ಅಂತ ಅದನ್ನು ನೀರಿನ ತೊಟ್ಟಿ ಅನ್ನುತ್ತಿದ್ದರು. ಟ್ಯಾಂಕ್ ಅನ್ನುವ ಹೆಸರು ಹಾಗೇ ನಿಂತುಬಿಟ್ಟಿತು. ಕೊಳದ ಹೆಸರಿನ ಊರಲ್ಲಿ ಹುಟ್ಟಿದ ಯಂತ್ರಕ್ಕೆ ನೀರಿನ ಹೆಸರೇ ಸಿಕ್ಕಿತು.

ಇನ್ನೊಬ್ಬರು ಉಳಿದರು. 1815ರಲ್ಲಿ ಇದೇ ಲಿಂಕನ್‌ನಲ್ಲಿ ಚಪ್ಪಲಿ ಹೊಲಿಯುವವರ ಮನೆಯಲ್ಲಿ ಜಾರ್ಜ್ ಬೂಲ್ ಹುಟ್ಟಿದರು. ಕಾಲೇಜು ಮೆಟ್ಟಿಲು ಹತ್ತಲಿಲ್ಲ, ಹೆಚ್ಚಿನದನ್ನು ತಾವೇ ಓದಿ ಕಲಿತರು, 19ನೇ ವಯಸ್ಸಿಗೆ ಊರಲ್ಲೇ ಶಾಲೆ ತೆರೆದರು. ಇದು ಮತ್ತು ಅದು, ಇದು ಅಥವಾ ಅದು, ಇದಲ್ಲ, ಹೀಗೆ ನಾವು ದಿನಾ ಯೋಚಿಸುವ ರೀತಿಯನ್ನು ಗಣಿತವಾಗಿ ಬರೆದು ತೋರಿಸಿದವರು ಅವರು. ಇವತ್ತಿನ ಕಂಪ್ಯೂಟರುಗಳೆಲ್ಲ ಅದರ ಮೇಲೇ ನಡೆಯುತ್ತವೆ.

ಮೊನ್ನೆ ಕೆಥೆಡ್ರಲ್ಲಿನ ಚಿತ್ರಕ್ಕಾಗಿ ನಾನು "ಲಿಂಕನ್ ಬೇಕು, ಅಬ್ರಹಾಂ ಬೇಡ" ಅಂತ ಹಾಕಿದ್ದ ಆ ಮೈನಸ್ ಗುರುತು ಇದೆಯಲ್ಲ, ಅದು ಕೆಲಸ ಮಾಡುವುದು ಆ ಲಿಂಕನ್ ಹುಡುಗನ ಲೆಕ್ಕದಿಂದಲೇ.