ತಾಮ್ರದ ಬಟ್ಟಲು, ದಿನ 1: ಸದ್ದು ಬದಲಾದರೆ ಕೈ ನಿಲ್ಲಿಸಬೇಕು

ಇವತ್ತು ಲೋಹ ಕಲೆಯ ಕಾರ್ಯಾಗಾರದಲ್ಲಿ ನನ್ನ ಮೊದಲ ದಿನ. ಮಾಡಬೇಕಾಗಿರುವುದು ಒಂದು ತಾಮ್ರದ ಬಟ್ಟಲು, ಅಂಗೈಯಲ್ಲಿ ಕೂರುವಷ್ಟು. ಬೆಸುಗೆ ಇಲ್ಲ, ಎರಕ ಇಲ್ಲ. ಚಪ್ಪಟೆ ತಗಡನ್ನು ಬಡಿದು ಬಡಿದೇ ಆಕಾರಕ್ಕೆ ತರಬೇಕು. ಸಂಜೆ ಹೊತ್ತಿಗೆ ಬಟ್ಟಲೇನೂ ಆಗಿಲ್ಲ, ಆದರೆ ತಗಡಿನಲ್ಲಿ ಒಂದು ತಗ್ಗು ಬಂದಿದೆ. ಅದನ್ನು ನೋಡಿದಷ್ಟೂ ಖುಷಿ.

ಒಳಗೆ ಹೋದ ಕೂಡಲೇ ಮೇಡಂ ನನ್ನ ಬಟ್ಟೆ ನೋಡಿದರು. ಹತ್ತಿ ಬಟ್ಟೆ, ಸರಿ. ನೈಲಾನ್ ಆಗಿದ್ದರೆ ಬೆಂಕಿಯ ಹತ್ತಿರ ಬಿಡುತ್ತಿರಲಿಲ್ಲವಂತೆ, ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಕೂದಲು ಕಟ್ಟಿ, ಕನ್ನಡಕ ಹಾಕಿ, ಕಿವಿಗೆ ಪ್ಲಗ್ ಇಟ್ಟುಕೊಂಡು ಕೂತೆ.

ತಗಡು 0.8 ಮಿ.ಮೀ. ದಪ್ಪ. ಕೈವಾರದಲ್ಲಿ 10 ಸೆಂ.ಮೀ. ಅಗಲದ ವೃತ್ತ ಗೀಚಿ, ಗರಗಸದಲ್ಲಿ ಕತ್ತರಿಸಬೇಕು. ಈ ಗರಗಸದ ಬ್ಲೇಡ್ ದಾರದಷ್ಟು ಸಣ್ಣದು. ಹಲ್ಲು ಹಿಡಿಯ ಕಡೆಗೆ, ಅಂದರೆ ಕೆಳಮುಖವಾಗಿ ಇರಬೇಕು. ಕೆಳಗೆ ಎಳೆದಾಗ ಮಾತ್ರ ಕತ್ತರಿಸುತ್ತದೆ. ತಗಡಿನ ದಪ್ಪದಲ್ಲಿ ಕನಿಷ್ಠ 2 ಹಲ್ಲಾದರೂ ಕೂರಬೇಕು, ಇಲ್ಲದಿದ್ದರೆ ಸಿಕ್ಕಿಕೊಂಡು ಮುರಿಯುತ್ತದೆ. ನಾನು 3 ಬ್ಲೇಡ್ ಮುರಿದೆ, ಮೂರೂ ತಿರುವಿನಲ್ಲೇ. ತಿರುಗುವಾಗ ಮುಂದಕ್ಕೆ ಒತ್ತಬಾರದು. ನಿಂತಲ್ಲೇ ಮೇಲೆ ಕೆಳಗೆ ಆಡಿಸುತ್ತಾ ತಗಡನ್ನು ನಿಧಾನವಾಗಿ ತಿರುಗಿಸಬೇಕು. ನಾಲ್ಕನೆಯದಕ್ಕೆ ಜೇನುಮೇಣ ಸವರಿಕೊಂಡೆ. ಅದು ಕೊನೆಯವರೆಗೂ ಬಂತು. ಆಮೇಲೆ ಅಂಚಿಗೆ ಅರ ಹಾಕಿ ನುಣುಪು ಮಾಡಿದೆ.

ನಿಜವಾದ ಪಾಠ ಶುರುವಾಗಿದ್ದು ಸುತ್ತಿಗೆ ಹಿಡಿದ ಮೇಲೆ.

ಮರದ ದಿಮ್ಮಿಯಲ್ಲಿ ಒಂದು ಗುಳಿ ಕೊರೆದಿಟ್ಟಿದ್ದಾರೆ. ಬಿಲ್ಲೆಯನ್ನು ಅದರ ಮೇಲೆ ಓರೆಯಾಗಿ ಹಿಡಿದು, ಗುಂಡು ಮೂತಿಯ ಸುತ್ತಿಗೆಯಿಂದ ಅಂಚಿನ ಹತ್ತಿರ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರಬೇಕು. ಪೆಟ್ಟು ಜೋರಾಗಿ ಇರಬೇಕಾಗಿಲ್ಲ, ಒಂದೇ ಸಮ ಇರಬೇಕು. ಮೊದಲ ಸುತ್ತು ತಾಮ್ರ ಹೇಳಿದ ಹಾಗೆ ಕೇಳಿತು, 'ದಬ್ ದಬ್' ಅಂತ ಮೆತ್ತನೆ ಸದ್ದು. ಎರಡನೇ ಸುತ್ತಿನ ಅರ್ಧಕ್ಕೆ ಬಂದಾಗ ಸುತ್ತಿಗೆ ಪುಟಿಯತೊಡಗಿತು. ನನ್ನ ಕೈ ಸೋತಿರಬೇಕು ಅಂದುಕೊಂಡು ಇನ್ನಷ್ಟು ಜೋರಾಗಿ ಹೊಡೆದೆ. ಮೇಡಂ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು. "ಒಂದು ಪ್ಲಗ್ ತೆಗೆದು ಕೇಳಿಸ್ಕೋ" ಅಂದು, ತಾವೇ ಮೆಲ್ಲಗೆ ತಟ್ಟಿದರು. 'ಟಣ್' ಅಂತ ಬಂತು. ಅದು ತಾಮ್ರ ಬಿಗಿದುಕೊಂಡ ಸದ್ದು.

ತಾಮ್ರದೊಳಗೆ ಸಣ್ಣ ಸಣ್ಣ ಹರಳುಗಳಿರುತ್ತವೆ. ಪೆಟ್ಟು ಬಿದ್ದಷ್ಟೂ ಅವು ವಿಕಾರವಾಗಿ, ಜಾರಲು ದಾರಿ ಇಲ್ಲದೆ ಲೋಹ ಗಟ್ಟಿಯಾಗುತ್ತದೆ. ಆಮೇಲೂ ಬಡಿಯುತ್ತಾ ಹೋದರೆ ಅಂಚು ಸೀಳುತ್ತದೆ. ಮತ್ತೆ ಮೆತ್ತಗಾಗಬೇಕು ಅಂದರೆ ಕಾಯಿಸಬೇಕು. ಆಗ ಹೊಸ ಹರಳುಗಳು ಹುಟ್ಟಿಕೊಳ್ಳುತ್ತವೆ.

ಕಾಯಿಸುವಾಗ ದೀಪ ಆರಿಸಿದರು. ಬೆಳಕಿನಲ್ಲಿ ಬಣ್ಣ ತಿಳಿಯುವುದಿಲ್ಲ, ತಿಳಿಯುವ ಹೊತ್ತಿಗೆ ಜಾಸ್ತಿ ಕಾದಿರುತ್ತದೆ. ಟಾರ್ಚಿನ ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸದೆ ಬಿಲ್ಲೆಯ ಮೇಲೆಲ್ಲ ಆಡಿಸಿದೆ. ಮೊದಲು ಕಾಮನಬಿಲ್ಲಿನ ಹಾಗೆ ಬಣ್ಣಗಳು ಓಡಿದವು, ಆಮೇಲೆ ಕಪ್ಪಾಯಿತು. ಆ ಕಪ್ಪಿನೊಳಗಿನಿಂದ ಮಂಕು ಕೆಂಪು ಮೆಲ್ಲಗೆ ಮೇಲೆದ್ದು ಬಂತು. ಅಷ್ಟು ಚೆಂದದ ಕೆಂಪನ್ನು ನಾನು ನೋಡಿರಲಿಲ್ಲ. ಅಲ್ಲಿಗೇ ನಿಲ್ಲಿಸಬೇಕು. ತಾಮ್ರ ಕರಗುವುದು 1085 ಡಿಗ್ರಿ ಸೆಲ್ಸಿಯಸ್‌ಗೆ. ಅಷ್ಟು ದೂರ ಹೋಗುವ ಮೊದಲೇ ಹರಳುಗಳು ದಪ್ಪವಾಗಿ, ಮೈ ಒರಟಾಗುತ್ತದೆ.

ಇಕ್ಕಳದಲ್ಲಿ ಹಿಡಿದು ನೀರಿಗೆ ಅದ್ದಿದೆ. ಚುಂಯ್! ಕಾದ ಉಕ್ಕನ್ನು ಹೀಗೆ ಅದ್ದಿದರೆ ಗಟ್ಟಿಯಾಗುತ್ತದೆ, ಅಲ್ವಾ? ತಾಮ್ರ ಹಾಗಲ್ಲ, ಮೆತ್ತಗೇ ಉಳಿಯುತ್ತದೆ. ಕಪ್ಪು ಪೊರೆ ಹೋಗಲಿ ಅಂತ ಬೆಚ್ಚನೆಯ ಸಿಟ್ರಿಕ್ ಆಸಿಡ್ ದ್ರಾವಣದಲ್ಲಿ ಇಟ್ಟೆವು. ಅದಕ್ಕೆ ಕಬ್ಬಿಣದ ಇಕ್ಕಳ ಮುಟ್ಟಿಸಬಾರದು, ಒಳಗಿರುವ ವಸ್ತುಗಳ ಮೇಲೆಲ್ಲ ತಾಮ್ರದ ಲೇಪ ಕೂತುಬಿಡುತ್ತದೆ. ಇಲ್ಲಿ ಬಳಸುವುದು ಪ್ಲಾಸ್ಟಿಕ್ಕಿನದು.

ತೊಳೆದ ಬಿಲ್ಲೆ ನಸುಗೆಂಪಾಗಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಅಂಚು ಬಾಗಿತು. ಹತ್ತು ನಿಮಿಷದ ಹಿಂದೆ ಸುತ್ತಿಗೆಗೂ ಜಗ್ಗದಿದ್ದ ಅದೇ ತಗಡು! ಮತ್ತೆ ದಿಮ್ಮಿಯ ಮೇಲಿಟ್ಟು ಬಡಿದೆ. 'ದಬ್ ದಬ್'. ಈ ಸಲ 'ಟಣ್' ಅಂದ ಕೂಡಲೇ ನಾನೇ ನಿಲ್ಲಿಸಿದೆ, ಮೇಡಂ ಆಚೆ ಬದಿಯಿಂದಲೇ ತಲೆಯಾಡಿಸಿದರು.

ಇವತ್ತಿನ ಲೆಕ್ಕ: ಕಾಯಿಸಿದ್ದು 1 ಸಲ, ಆಳ ಸುಮಾರು 1 ಸೆಂ.ಮೀ. ಎಡ ಅಂಚಿನಲ್ಲಿ ಒಂದು ಸುಕ್ಕು ಎದ್ದಿದೆ. ಅದು ಮಡಚಿಕೊಂಡರೆ ಅಲ್ಲೇ ಬಿರುಕು ಬಿಡುತ್ತದೆ. ಹಾಗಾಗಿ ಮುಂದಿನ ತರಗತಿಯಲ್ಲಿ ಮೊದಲು ಕಾಯಿಸುವುದು, ಆಮೇಲೆ ಮರದ ಕೊಡತಿಯಿಂದ ಆ ಸುಕ್ಕನ್ನು ತಟ್ಟಿ ಸಮ ಮಾಡುವುದು. ತಗ್ಗು ಇಳಿಸುವ ಕೆಲಸ ಅದಾದ ಮೇಲೆಯೇ.